ಧನರಾಜನ ಎರಡು ನಿಮಿಷ

ಬಿ.ಸಿ.ರೋಡಿನಿಂದ ಮೂಡುಬಿದಿರೆಗೆ ಹೋಗುವ ಬಸ್ಸಿನ ಕಂಡಕ್ಟರ್ ಧನರಾಜನ ಖಾಕಿ ಜೇಬಿನಲ್ಲಿ ಟಿಕೆಟಿಗಿಂತ ಹೆಚ್ಚಾಗಿ ನಾಗರಿಕ ಸೇವಾ ಪರೀಕ್ಷೆಯ ಆಪ್ಟಿಟ್ಯೂಡ್ ಪ್ರಶ್ನೆಗಳೇ ಇರುತ್ತವೆ. “ಸ್ವಲ್ಪ ಹಿಂದೆ ಹೋಗಿ” ಎನ್ನುವ ಉಸಿರಿನಲ್ಲೇ, ದುಂಡುಮೇಜಿನ ಸುತ್ತ ಯಾರ ಎಡಕ್ಕೆ ಯಾರು ಕುಳಿತಿದ್ದಾರೆಂಬ ಒಗಟನ್ನು ಬಿಡಿಸುತ್ತಾನೆ. ಐವತ್ತು ಸೀಟಿನ ಬಸ್ಸಿನಲ್ಲಿ ತೊಂಬತ್ತು ಮಂದಿಗೆ ಜಾಗ ಮಾಡಿಕೊಟ್ಟವನಿಗೆ ಎಂಟು ಜನರ ಮೇಜು ಯಾವ ಲೆಕ್ಕ? ಎಡವುತ್ತಿದ್ದದ್ದು ಮಾತ್ರ ತನ್ನ ಕಸುಬಿನ ಪ್ರಶ್ನೆಯಲ್ಲೇ. ಗಂಟೆಗೆ ನಲವತ್ತು ಕಿಲೋಮೀಟರ್ ಓಡುವ ಬಸ್ಸಿಗೆ ಇಪ್ಪತ್ತು ಕಿಲೋಮೀಟರ್ ಹೋಗಲು ಎಷ್ಟು ಹೊತ್ತು ಬೇಕೆಂದರೆ, ಮೂವತ್ತು ನಿಮಿಷ ಎನ್ನಲು ಅವನಿಗೆ ಮನಸ್ಸೇ ಬಾರದು. “ನಿಲ್ಲದೆ ಹೋಗುವ ಬಸ್ಸು ಎಲ್ಲಿ ಉಂಟು ಲೋಕಣ್ಣ?” ಎಂದು ಡ್ರೈವರ್ ಲೋಕನಾಥನೊಡನೆ ವಾದಿಸಿ, ಪರೀಕ್ಷೆಯಲ್ಲೂ ಮೂವತ್ತೆರಡಕ್ಕೇ ಗುರುತು ಹಾಕಿ ಬರುತ್ತಿದ್ದ. ಎರಡು ವರ್ಷ ಅವನು ಫೇಲಾದದ್ದು ಇಂಥದೊಂದು ಪ್ರಶ್ನೆಯ ಅಂತರದಲ್ಲಿ. ಆ ಎರಡು ನಿಮಿಷ ಸಿದ್ಧಕಟ್ಟೆಯ ರುಕ್ಮಯ್ಯನವರದು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುವ ಅವರು ಮೊದಲು ಊರುಗೋಲನ್ನು ಮೆಟ್ಟಿಲು ಹತ್ತಿಸಿ, ಆಮೇಲೆ ತಾವು ಹತ್ತುತ್ತಾರೆ. ಮೊನ್ನೆ ಮೂರನೆಯ ಸಲದ ಫಲಿತಾಂಶ ಬಂತು, ಧನರಾಜ ಪಾಸಾಗಿದ್ದ. ಎಲ್ಲರಿಗಿಂತ ಹೆಚ್ಚು ಮನಸ್ಸು ಹಗುರಾದದ್ದು ಲೋಕನಾಥನಿಗೆ. “ಈ ಸಲ ಮೂವತ್ತು ಅಂತ ಹಾಕಿದ್ದೀಯಾ ಮಾರಾಯ?” ಎಂದು ಕೇಳಿದ. “ಹಾಕಿದೆ. ಕಾಗದದ ಬಸ್ಸಿಗೆ ರುಕ್ಮಯ್ಯಣ್ಣ ಹತ್ತುವುದಿಲ್ಲ ಅಲ್ವಾ,” ಎಂದ ಧನರಾಜ. ಅಷ್ಟರಲ್ಲಿ ಸಿದ್ಧಕಟ್ಟೆ ಬಂತು. ಹಿಂದಿನ ಬಸ್ಸಿನವನು ಹಾರ್ನ್ ಒತ್ತುತ್ತಲೇ ಇದ್ದ. ಧನರಾಜ ವಿಸಿಲನ್ನು ಜೇಬಿಗೆ ಹಾಕಿಕೊಂಡು, ಊರುಗೋಲು ತೆಗೆದುಕೊಳ್ಳಲು ಕೆಳಗಿಳಿದ.