ರಸ್ತೆ ಹಾಕಲು ಒಪ್ಪದ ಕಂಪ್ಯೂಟರ್

ಹೋದ ತಿಂಗಳು ಒಂದು ಭಾನುವಾರ ನಮ್ಮ ಮನೆಯ ಹಾಲ್‌ನಲ್ಲಿ ಕೂತು ವಿನ್ಸೆಂಟ್ ಒಂದು ಬಸ್ಸನ್ನು ಸಮುದ್ರಕ್ಕೆ ಹಾಕಿದ. ಇಪ್ಪತ್ತೆರಡು ವರ್ಷದ ಸರ್ವಿಸ್‌ನಲ್ಲಿ ಅವನ ಮೊದಲ ಆಕ್ಸಿಡೆಂಟ್.

ಗಾಬರಿ ಬೇಡ. ಬಸ್ಸು ಕಂಪ್ಯೂಟರಿನೊಳಗಿತ್ತು. ಸಮುದ್ರವೂ ಅಲ್ಲೇ ಇತ್ತು. (ನಮ್ಮೂರು ಆನೇಮಹಲ್‌ವರೆಗೆ ಅದಿನ್ನೂ ಬಂದಿಲ್ಲ.)

ವಿನ್ಸೆಂಟ್ ನಮ್ಮ ಪಕ್ಕದ ಮನೆಯವನು. ಆನೇಮಹಲ್‌ನಿಂದ ಸಕಲೇಶಪುರ, ಆಲೂರು ದಾಟಿ ಕುಂದೂರಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ಬಸ್ಸಿನ ಟಾಪ್‌ನಿಂದ ಯಾರದೋ ಬಾಳೆಗೊನೆ ಇಳಿಸಲು ಹೋಗಿ ತಾನೇ ಇಳಿದುಬಿಟ್ಟ. ಎಡಮಂಡಿಗೆ ಆಪರೇಷನ್ ಆಯಿತು. ಕ್ಲಚ್ ತುಳಿಯುವ ಕೆಲಸ ಮರೆತುಬಿಡಿ ಎಂದರು ಡಾಕ್ಟರು. ಸ್ಟ್ಯಾಂಡಿನ ಬುಕಿಂಗ್ ಕೌಂಟರಿನಲ್ಲಿ ಕೂತ್ಕೋ ಎಂದರು ಬಸ್ಸಿನ ಓನರು. ವಿನ್ಸೆಂಟ್ ಮಾತ್ರ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ: "ಮುಂದಿನ್ ತಿಂಗ್ಳು ಡ್ಯೂಟಿಗೆ ಹೋಯ್ತೀನಿ."

ಹೀಗೆ ನಾಲ್ಕು "ಮುಂದಿನ ತಿಂಗಳು" ಕಳೆದವು. ಅವನ ಹೆಂಡತಿ ಜೂಲಿಯಾನಾ ನಮ್ಮ ಅಡುಗೆಮನೆಗೆ ಬಂದು ಕೈಮುಗಿದಳು. "ಸರೋಜಕ್ಕ, ಇವ್ರು ಮನೇಲಿ ಕುಂತ್ಕಂಡು ನಾನು ಸಾರಿಗೆ ಉಪ್ಪು ಹಾಕೋದನ್ನೂ ಚೆಕ್ ಮಾಡ್ತಾ ಅವ್ರೆ. ನಿಮ್ಮ ಕಂಪ್ಯೂಟರ್‌ನಾಗೆ ಏನಾರ ಹಚ್ಚಿ ಕೂರ್ಸಿ." ಅವಳ ತಮ್ಮ ಮಂಗಳೂರಿನಿಂದ ಕೊಟ್ಟು ಕಳಿಸಿದ್ದ ಬಸ್ ಗೇಮಿನ ಸಿ.ಡಿ.ಯೂ ಅವಳ ಕೈಯಲ್ಲಿತ್ತು.

ಸಮುದ್ರದ ಕತೆ ಹುಟ್ಟಿದ್ದು ಹೀಗೆ.

ಆದರೆ ಗೇಮಿನ ರಸ್ತೆಗಳು ನಮ್ಮ ಡ್ರೈವರಿಗೆ ಒಗ್ಗಲಿಲ್ಲ. "ಇದ್ಯಾವ ರೋಡ್ ಮಾರಾಯ್ತಿ! ಸ್ಕೇಲಿಟ್ಟು ಗೀಟು ಎಳ್ದಂಗೈತೆ. ತಿರುವಿಲ್ಲ, ಗುಂಡಿಯಿಲ್ಲ, ಒಂದು ಎಮ್ಮೆ ಬ್ಯಾಡ್ವಾ?"

ಸಿ.ಡಿ.ಯಲ್ಲಿ ರೋಡ್ ಎಡಿಟರ್ ಎಂಬ ಇನ್ನೊಂದು ಸಾಫ್ಟ್‌ವೇರ್ ಇತ್ತು. ನಿಮಗೆ ಬೇಕಾದ ರಸ್ತೆಯನ್ನು ನೀವೇ ಹಾಕಿಕೊಳ್ಳಿ ಎಂದು ಕವರಿನ ಮೇಲೆ ಬರೆದಿತ್ತು. ಟೆಂಡರಿಲ್ಲದೆ, ಉದ್ಘಾಟನೆಯಿಲ್ಲದೆ ರಸ್ತೆ! ನಮ್ಮ ತಾಲ್ಲೂಕಿನವರು ಬಿಟ್ಟಾರೆಯೇ? ಕ್ಲಿಕ್ ಮಾಡಿದೆ. ಕಿಟಕಿಯೊಂದು ತೆರೆದುಕೊಂಡಿತು. ತಕ್ಷಣ ಮುಚ್ಚಿಕೊಂಡಿತು. ಹತ್ತು ಸಲ ಕ್ಲಿಕ್ ಮಾಡಿದೆ. ಹತ್ತು ಸಲವೂ ಸಾಲ ಕೇಳಲು ಬಂದವರನ್ನು ಕಂಡವರ ಹಾಗೆ ಕದ ಹಾಕಿಕೊಂಡಿತು.

ಸಕಲೇಶಪುರದ ರಿಪೇರಿಯವನಿಗೆ ಫೋನ್ ಮಾಡಿದೆ. "ಮೇಡಂ, ಸಾಫ್ಟ್‌ವೇರ್ ಹಳೇದು, ಸಿಸ್ಟಂ ಹೊಸ್ದು. ಕಂಪ್ಯಾಟಿಬಲ್ ಇಲ್ಲ. ಎಲ್ಲಾ ಅಳ್ಸಿ ಫಾರ್ಮ್ಯಾಟ್ ಮಾಡ್ಬುಡಾಣ."

ಸಾಫ್ಟ್‌ವೇರಿಗೆ ಆಗಿದ್ದದ್ದು ಐದೇ ವರ್ಷ. ನಮ್ಮ ಮನೆಯ ಒರಳುಕಲ್ಲಿಗೆ ಎಷ್ಟಾಯಿತೋ ಅತ್ತೆಗೂ ಗೊತ್ತಿಲ್ಲ, ಇವತ್ತಿಗೂ ಯಾವ ಅಕ್ಕಿ ಹಾಕಿದರೂ ರುಬ್ಬುತ್ತದೆ. ಅಲ್ಲದೆ ಫಾರ್ಮ್ಯಾಟ್ ಅಂದರೇನು? ನೆಗಡಿಯಾಗಿದೆ ಅಂದರೆ ತಲೆ ತೆಗೆಯೋಣ ಅಂದ ಹಾಗೆ. ನನ್ನ ಅಂಕಣಗಳೆಲ್ಲ ಅದರಲ್ಲೇ ಇವೆ. (ಹೋದರೆ ಹೋಗಲಿ ಎಂದು ನೀವು ಮನಸ್ಸಿನಲ್ಲಿ ಅಂದದ್ದು ನನಗೆ ಕೇಳಿಸಿತು.)

ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಅಲ್ಲಿನ ಪಂಡಿತರು ಬೇರೆ ಮದ್ದು ಹೇಳಿದರು. ಹೊಸ ಕಂಪ್ಯೂಟರ್ ಹಳೆಯದರಂತೆ ನಟಿಸುವ ಹಾಗೆ ಸೆಟ್ಟಿಂಗ್ ಬದಲಿಸಬೇಕಂತೆ. ಬ್ಯೂಟಿ ಪಾರ್ಲರ್‌ನ ತದ್ವಿರುದ್ಧ! ಬದಲಿಸಿದೆ. ಬಣ್ಣ ಕಡಿಮೆ ಮಾಡಿ ಎಂದರು, ಮಾಡಿದೆ. ಸ್ಕ್ರೀನಿಗೆ ಕಾಮಾಲೆ ಬಂತು. ಸ್ಕ್ರೀನ್ ಸೈಜ್ ಇಳಿಸಿ ಎಂದರು, ಇಳಿಸಿದೆ. ಐಕಾನ್‌ಗಳು ಇಡ್ಲಿಯಷ್ಟು ದಪ್ಪವಾದವು. ಎಡಿಟರ್ ಮಾತ್ರ ಕಿಟಕಿ ತೆರೆದು, ಮುಖ ನೋಡಿ, ಮುಚ್ಚಿಕೊಂಡಿತು. ಒಂದೇ ವ್ಯತ್ಯಾಸ: ಈಗ ಹೋಗುವ ಮುಂಚೆ ಇಂಗ್ಲಿಷಿನಲ್ಲಿ ಒಂದು ಸಾಲು ತೋರಿಸಿ ಹೋಗುತ್ತಿತ್ತು.

ನಾನು ಆ ಸಾಲನ್ನು ಓದಲೇ ಇಲ್ಲ. ಎರರ್ ಮೆಸೇಜ್ ಬಂದರೆ ಓಕೆ ಒತ್ತಬೇಕು, ಓದಬಾರದು. ನಾವೆಲ್ಲ ಕಲಿತಿರುವುದು ಅಷ್ಟೇ ಅಲ್ಲವೇ?

ಓದಿದವನು ವಿನ್ಸೆಂಟ್. "ಸರೋಜಕ್ಕ, ತಡೀರಿ. ಒತ್ಬ್ಯಾಡಿ. ಈ ಬೋರ್ಡ್‌ನಾಗೆ ಊರಿನ ಹೆಸ್ರೇ ಇಲ್ವಲ್ಲ?"

"ಯಾವ ಬೋರ್ಡೋ?"

"ಇದೇ ಕಣಕ್ಕ. ಎಲ್ಲಿಗೆ ಹೋಗ್ಬೇಕು ಅಂತ ಬರ್ದಿರೋ ಜಾಗ್ದಾಗೆ ಬರೀ ಪ್ರಶ್ನೆ ಗುರುತು ಐತೆ. ರೂಟ್ ಗೊತ್ತಿಲ್ದೆ ನಿಂತ್ಬುಟ್ಟೈತೆ ನಿಮ್ಮ ಬಸ್ಸು."

ಬಗ್ಗಿ ನೋಡಿದೆ. ಯಾವ ಫೋಲ್ಡರಿಗೆ ಹೋಗಬೇಕು ಎಂಬ ದಾರಿ ಅದು. ದಾರಿಯ ನಡುವೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು. ಅಲ್ಲಿ ಇರಬೇಕಾಗಿದ್ದದ್ದು ನನ್ನ ಫೋಲ್ಡರಿನ ಹೆಸರು, ಅಂದರೆ ನನ್ನದೇ ಹೆಸರು! ಕಂಪ್ಯೂಟರ್ ತಂದ ದಿನ ಅಭಿಮಾನದಿಂದ ಯೂಸರ್ ನೇಮ್ ಜಾಗದಲ್ಲಿ ಕನ್ನಡದಲ್ಲೇ "ಸರೋಜಾ" ಎಂದು ಟೈಪ್ ಮಾಡಿ ಮನೆಮಂದಿಗೆಲ್ಲ ತೋರಿಸಿದ್ದೆ. ಈ ಹಳೆಯ ಎಡಿಟರಿಗೆ ಕನ್ನಡ ಬರುವುದಿಲ್ಲ. ಬೆಟ್ಟ ಎಬ್ಬಿಸಬಲ್ಲದು, ಹೊಳೆ ಹರಿಸಬಲ್ಲದು. ಸರೋಜಾ ಓದಲಾರದು.

ಇಂಗ್ಲಿಷಿನಲ್ಲಿ ಹೊಸ ಯೂಸರ್ ಹೆಸರು ಕೊಟ್ಟೆ. ಎಡಿಟರ್ ತೆರೆಯಿತು. ಮುಚ್ಚಲಿಲ್ಲ.

ವಿನ್ಸೆಂಟ್ ಹತ್ತು ದಿನ ನಮ್ಮ ಹಾಲ್ ಬಿಟ್ಟು ಕದಲಲಿಲ್ಲ. ಆನೇಮಹಲ್‌ನ ತಿರುವು, ಹೇಮಾವತಿ ಸೇತುವೆ, ಆಲೂರಿನ ಸರ್ಕಲ್, ಕುಂದೂರಿನ ದಾರಿಯ ಗುಂಡಿಗಳು, ಎಲ್ಲವನ್ನೂ ಹಾಕಿದ. (ಗುಂಡಿಗಳು ಲೋಕೋಪಯೋಗಿ ಇಲಾಖೆಯೇ ಮೆಚ್ಚುವಂತಿದ್ದವು.) ಹನ್ನೊಂದನೆಯ ದಿನ ಓಡಿಸಲು ಕೂತ. ಜೂಲಿಯಾನಾ ಕೂಡ ಬಂದು ನಿಂತಳು.

ಗೇಮಿನ ನಿಯಮ ಗೊತ್ತಲ್ಲ, ಮೊದಲು ಮುಟ್ಟಿದವರು ಗೆದ್ದ ಹಾಗೆ. ಬೇರೆ ಬಸ್ಸುಗಳು ಸುಂಯ್ ಎಂದು ಹೋದವು. ಇವನು ಆಲೂರು ದಾಟಿ ಬಸ್ ನಿಲ್ಲಿಸಿ ಸುಮ್ಮನೆ ಕೂತ.

"ಯಾಕೋ ನಿಲ್ಲಿಸಿದೆ?"

"ಇಲ್ಲಿ ಅಂಗನವಾಡಿ ಟೀಚರ್ ಹತ್ತುತಾರೆ. ತೋಟ ದಾಟ್ಕಂಡು ಓಡ್ಬರ್ಬೇಕು, ಪಾಪ."

ಪರದೆಯ ಮೇಲೆ ಯಾರೂ ಇರಲಿಲ್ಲ. ನಾವು ಮೂವರೂ ಕಾದೆವು. ನಾನು ಒಂದು ಕುಹಕ ಹುಡುಕಿದೆ, ಸಿಗಲಿಲ್ಲ. ಆಮೇಲೆ ಅವನು ಕುಂದೂರಿನವರೆಗೂ ಓಡಿಸಿದ, ಕೀಬೋರ್ಡಿನಿಂದ ಕೈ ತೆಗೆದ, ತಿರುಗದೆಯೇ ಹೆಂಡತಿಗೆ ಹೇಳಿದ: "ಇದ್ಕೆ ಕ್ಲಚ್ ಇಲ್ಲ ಕಣೇ. ಅದ್ಕೇ ಓಡ್ತು. ನಾಳೆ ಓನರ್‌ಗೆ ಹೇಳ್ಬುಡ್ತೀನಿ, ಕೌಂಟರ್‌ನಾಗೇ ಕುಂತ್ಕತೀನಿ ಅಂತ."

ಜೂಲಿಯಾನಾ ಅವನ ಹೆಗಲ ಮೇಲೆ ಕೈಯಿಟ್ಟಳು. ಕಂಪ್ಯೂಟರ್ ತನ್ನ ತೀರ್ಪು ಹೇಳಿತು: ಕೊನೆಯ ಸ್ಥಾನ, ಸೊನ್ನೆ ಅಂಕ.

ಮೊನ್ನೆ ಅದೇ ರೂಟಿನ ಹೊಸ ಡ್ರೈವರ್, ನಾನು ಚೀಲ ಹಿಡಿದು ಓಡಿಬರುವುದನ್ನು ಕನ್ನಡಿಯಲ್ಲಿ ಚೆನ್ನಾಗಿ ನೋಡಿಯೇ ಬಸ್ಸು ಬಿಟ್ಟುಕೊಂಡು ಹೋದ. ಅವನಿಗೆ ಎಷ್ಟು ಅಂಕ ಕೊಡೋಣ, ಹೇಳಿ?