ಗುರುವಾರದ ಕೌದಿ

ಹಿರಿಯೂರಿಗೆ ಬಂದ ಎರಡನೇ ವಾರ, ಹೆಂಗಸರೆಲ್ಲ ಸೇರಿ ಒಂದು ಹೊದಿಕೆಗೆ ಊಟ ಹಾಕಿದ್ದನ್ನು ಕಣ್ಣಾರೆ ಕಂಡೆ. ಚರ್ಚಿನ ಹಿಂದಿನ ಕೋಣೆಯಲ್ಲಿ, ಚಾಪೆಯ ಮೇಲೆ, ಹಳೆ ಸೀರೆಗಳನ್ನು ಪದರಪದರವಾಗಿ ಜೋಡಿಸಿ ಹೊಲಿದ ಪುಟ್ಟ ಕೌದಿ ಹರಡಿತ್ತು. ಕೊನೆಯ ಮೂಲೆ ಮುಚ್ಚುವ ಮುನ್ನ ಅವರಲ್ಲಿ ಹಿರಿಯರಾದ ಸುಗುಣಮ್ಮ ಟೀಚರ್ ಅದರೊಳಗೆ ಒಣರೊಟ್ಟಿಯ ಚೂರೊಂದನ್ನು ತುರುಕಿದರು.

"ಕೌದಿ ಹೊಟ್ಟೆ ತುಂಬ್ಬೇಕಲ್ರಿ. ಹಸ್ಕಂಡಿರೋ ಕೌದಿ ಹೊದ್ಸಿದ್ರೆ ಕೂಸಿಗೆ ಬೆಚ್ಚಗಾಗಲ್ಲ" ಎಂದರು.

ಚರ್ಚಿನಲ್ಲಿ ಇಂಥದ್ದೆಲ್ಲ ಉಂಟಾ ಎಂದು ಕೇಳಿದೆ. "ಕೌದಿಗೆ ಯಾವ ಜಾತಿ ಐತೆ? ಬರ್ರಿ, ಕುಂತ್ಕಳ್ರಿ" ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಆ ಊರಲ್ಲಿ ನನ್ನನ್ನು ಕೂರಲು ಹೇಳಿದ ಮೊದಲ ವ್ಯಕ್ತಿ ಅವರು.

ಕುಂದಾಪುರದ ಹತ್ತಿರದವಳಾದ ನಾನು ಇಲ್ಲಿಗೆ ಬಂದದ್ದು ಗಂಡನ ಕೆಲಸದಿಂದ. ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ರಿಪೇರಿ ಮಾಡುವವರು ಅವರು. ಬೆಳಿಗ್ಗೆ ಹೊಸದುರ್ಗದ ದಿಕ್ಕಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆ. ಮೀನು ಬೇಯಿಸುವವರೆಂದು ಮೂರು ಕಡೆ ಬಾಡಿಗೆ ಮನೆ ತಪ್ಪಿತು. ಕುಚ್ಚಲಕ್ಕಿ ಕೇಳಿದ್ದಕ್ಕೆ ಅಂಗಡಿಯವರು "ಕೋಳಿಗೆ ಹಾಕಾಕಾ?" ಎಂದರು. ನಮ್ಮಲ್ಲಿ ಮಳೆಗಾಲದಲ್ಲಿ ಬಟ್ಟೆ ಒಣಗಲು ಎರಡು ದಿನ ಬೇಕು; ಇಲ್ಲಿ ಹರವಿ ಒಳಗೆ ಬರುವಷ್ಟರಲ್ಲಿ ಒಣಗಿ, ಗಾಳಿಗೆ ಹಾರಿ ಪಕ್ಕದ ಮನೆಯ ಅಂಗಳ ಸೇರಿರುತ್ತದೆ. ಮುದ್ದೆಯನ್ನು ಅಗಿಯದೆ ನುಂಗಲು ಕಲಿತ ದಿನ ಇಡೀ ಊರನ್ನೇ ಗೆದ್ದಷ್ಟು ಖುಷಿಯಾಯಿತು. ಆದರೆ ಅದನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ. ನಿಜ ಹೇಳಬೇಕೆಂದರೆ, ಆ ದಿನಗಳಲ್ಲಿ ನಾನು ಫ್ರಿಜ್ಜಿನ ಜೊತೆ ಕೊಂಕಣಿ ಮಾತಾಡುತ್ತಿದ್ದೆ.

ಹಾಗಾಗಿ ಗುರುವಾರ ನನ್ನ ಹಬ್ಬವಾಯಿತು. ಮಧ್ಯಾಹ್ನ ಎರಡಕ್ಕೆ ಸೇರುವ ಐದಾರು ಹೆಂಗಸರು ಹೊಲಿದ ಕೌದಿಗಳನ್ನು ಸುಗುಣಮ್ಮ ಯಲ್ಲದಕೆರೆಯ ಕಡೆ ಒಯ್ದು, ಬಡವರ ಹಸಿಗೂಸುಗಳಿಗೆ, ಕುರಿಮಂದೆಯ ಜೊತೆ ಅಲೆಯುವ ಬಾಣಂತಿಯರಿಗೆ ಕೊಟ್ಟು ಬರುತ್ತಿದ್ದರು. ನಾನೂ ಹೊಲಿದೆ, ಅಮ್ಮ ಕಲಿಸಿದ ಹಾಗೆ, ಬೆರಳುದ್ದದ ಹೊಲಿಗೆ. "ಎಷ್ಟು ಚಂದ ಹಾಕ್ತೀರಮ್ಮ" ಎಂದು ಸುಗುಣಮ್ಮ ಪ್ರತಿ ವಾರ ಹೊಗಳುತ್ತಿದ್ದರು. ಆ ಮಾತಿನ ಮೇಲೆ ಏಳು ದಿನ ಬದುಕುತ್ತಿದ್ದೆ. ತೀರಿಹೋದ ಅಮ್ಮನ ನೂಲಿನ ಸೀರೆಗಳನ್ನು ಪೆಟ್ಟಿಗೆಯಿಂದ ತೆಗೆದು ಕೊಟ್ಟುಬಿಟ್ಟೆ. ನಮ್ಮಮ್ಮನ ಹೊಲಿಗೆ ಈಗ ಬಯಲುಸೀಮೆಯ ಮಕ್ಕಳನ್ನು ಬೆಚ್ಚಗಿಡುತ್ತಿದೆ ಎಂದು ಕುಂದಾಪುರದ ಕಡೆಯ ಹಲವರಿಗೆ ಫೋನಿನಲ್ಲಿ ಜಂಬ ಕೊಚ್ಚಿದ್ದೂ ಉಂಟು.

ನಾಲ್ಕಕ್ಕೆ ನಲ್ಲಿಯಲ್ಲಿ ನೀರು ಬರುತ್ತದೆಂದು ಎಲ್ಲರಿಗಿಂತ ಮೊದಲು ಎದ್ದು ಮನೆಗೆ ಹೊರಡುವವಳು ನಾನೇ. ಎಂಟು ತಿಂಗಳಾದ ಮೇಲೆ ಒಂದು ಗುರುವಾರ ಕನ್ನಡಕ ಮರೆತು ಅರ್ಧ ದಾರಿಯಿಂದ ವಾಪಸು ಬಂದೆ. ಬಾಗಿಲು ತೆರೆದಿತ್ತು. ಅಮ್ಮನ ನೀಲಿ ಅಂಚಿನ ಸೀರೆಯ ಕೌದಿ ಸುಗುಣಮ್ಮನ ತೊಡೆಯ ಮೇಲಿತ್ತು. ಅವರು ಚಿಕ್ಕ ಕತ್ತರಿಯಿಂದ ನನ್ನ ಹೊಲಿಗೆಯನ್ನು ಒಂದೊಂದೇ ಬಿಚ್ಚುತ್ತಿದ್ದರು. ಪಕ್ಕದಲ್ಲಿದ್ದ ಕರಿಯಮ್ಮ ಬಿಚ್ಚಿದ ಜಾಗವನ್ನು ಹೊಸದಾಗಿ ಹೊಲಿಯುತ್ತಿದ್ದರು.

"ಯಾವಾಗಿನಿಂದ?" ಎಂದೆ.

"ಮೊದ್ಲಿಂದ್ಲೂ" ಎಂದರು ಸುಗುಣಮ್ಮ. ತಲೆ ಎತ್ತಲಿಲ್ಲ. "ಉದ್ದದ ಹೊಲಿಗೆಗೆ ಕೂಸಿನ ಕಾಲ್ಬೆರಳು ಸಿಕ್ಕಂಬಿಡುತ್ತೆ. ದೊಡ್ಡೋರು ಹೊದಿಯಾಕೆ ನಿಮ್ದು ಸರಿ ಐತೆ."

"ಒಂದು ಮಾತು ಹೇಳಬಹುದಿತ್ತಲ್ಲ."

"ಹೇಳಿದ್ರೆ ಬರೋದು ಬಿಟ್ಬಿಡ್ತೀರ ಅಂತ. ಮೊದಲ್ನೇ ದಿನ ನೀವು ಬಂದು ನಿಂತಾಗ, ಬಾಡಿದ್ದ ನಿಮ್ಮ ಮುಖ ನೋಡಾಕಾಗ್ತಿರಲಿಲ್ಲ ಕಣಮ್ಮ."

ಕಾಲ್ಬೆರಳಿನ ಮಾತು ನನಗೂ ಒಪ್ಪಿಗೆಯಾಯಿತು. ಒಪ್ಪಿಗೆಯಾಗದ್ದು ಆ ಹೊಗಳಿಕೆ. ಎಂಟು ತಿಂಗಳಲ್ಲಿ ನನ್ನ ಒಂದು ಹೊಲಿಗೆಯೂ ಯಾವ ಮಗುವಿನ ಮೈಮೇಲೂ ಇರಲಿಲ್ಲ. ನಾನು ಬಾಗಿಲು ದಾಟುವುದನ್ನೇ ಕಾದು ಇವರು ಕತ್ತರಿ ಹಿಡಿಯುತ್ತಿದ್ದರು. ಮೀನಿನ ಹೆಸರಲ್ಲಿ ಮನೆ ಕೊಡದವರು ಮುಖದ ಮೇಲಾದರೂ ಹೇಳಿದ್ದರು. ಇದು ಮೋಸ, ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದ ಮೋಸ. ಮನೆಗೆ ಬಂದು ಅತ್ತುಬಿಟ್ಟೆ. ನಲ್ಲಿ ನೀರು ತುಂಬಿ ಅಂಗಳಕ್ಕೆ ಹರಿದರೂ ಏಳಲಿಲ್ಲ.

ಮೂರು ಗುರುವಾರ ಹೋಗಲಿಲ್ಲ. ನಾಲ್ಕನೆಯದಕ್ಕೆ ಸುಗುಣಮ್ಮ ಸೂಜಿ, ದಾರ ಹಿಡಿದು ಮನೆಗೇ ಬಂದರು. ಕರೆಯದಿದ್ದರೂ ಒಳಗೆ ಬಂದು ನೆಲದ ಮೇಲೆ ಕುಳಿತರು. ಅಕ್ಕಿಕಾಳಿನಷ್ಟೇ ಹೊಲಿಗೆ, ಅಂಚಿನಿಂದ ನಡುವಿಗೆ ಸುತ್ತಿ ಬರಬೇಕು ಎಂದು ತೋರಿಸಿದರು. ನಾನು ಮುಖ ಗಂಟು ಹಾಕಿಕೊಂಡೇ ಕಲಿತೆ. ಕ್ಷಮಿಸಿದೆ ಎಂದು ಈಗಲೂ ಹೇಳಲಾರೆ. ಅವರು ಹೊಗಳಿದಾಗೆಲ್ಲ ಇದು ನಿಜವೋ ಸುಳ್ಳೋ ಎಂದು ಮನಸ್ಸು ಅಳೆಯಲು ಕೂರುತ್ತದೆ. ಆದರೂ ಮತ್ತೆ ಹೋಗತೊಡಗಿದೆ. ಬೇರೆಲ್ಲಿಗೆ ಹೋಗಲಿ?

ಕಳೆದ ತಿಂಗಳು ಸೆಲ್ವಿ ಬಂದಳು. ತಮಿಳುನಾಡಿನವಳು, ಕನ್ನಡ ಅಷ್ಟಿಷ್ಟು ಗೊತ್ತು, ಗಂಡನಿಗೆ ಅದೇ ಗಾಳಿಯಂತ್ರದ ಕೆಲಸ. ಅವಳ ಮುಖವನ್ನೂ ನೋಡಲಾಗುತ್ತಿರಲಿಲ್ಲ. ಹಾಕಿದ್ದು ನನ್ನದಕ್ಕಿಂತ ಉದ್ದದ ಹೊಲಿಗೆ. "ಚಂದ ಐತಮ್ಮ" ಎಂದರು ಸುಗುಣಮ್ಮ. ಅವಳು ಮಗುವಿನಂತೆ ನಕ್ಕಳು. ಯಾರೂ ನನ್ನ ಕಡೆ ನೋಡಲಿಲ್ಲ. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಅವಳು ಹೊರಟ ಮೇಲೆ ಸುಗುಣಮ್ಮ ಕತ್ತರಿಯನ್ನು ನನ್ನ ತೊಡೆಯ ಮೇಲಿಟ್ಟರು. ಎದ್ದು ಓಡಿದ್ದರೆ ಸೆಲ್ವಿ ಗೇಟಿನ ಹತ್ತಿರ ಸಿಗುತ್ತಿದ್ದಳು. ನಾನು ಮೊದಲ ಹೊಲಿಗೆ ಕತ್ತರಿಸಿದೆ. ಆಮೇಲೆ ಎರಡನೆಯದು. ನನ್ನ ಕೈಯನ್ನೇ ನೋಡುತ್ತಿದ್ದ ಹೆಂಗಸರು ಮತ್ತೆ ತಮ್ಮ ತಮ್ಮ ಮಾತಿಗೆ ತೊಡಗಿದರು. ಕರಿಯಮ್ಮ ನನಗೂ ಒಂದು ಲೋಟ ಚಹಾ ಬಗ್ಗಿಸಿ, ಸೊಸೆಯ ದೂರು ಹೇಳಲು ಶುರುಮಾಡಿದರು. ಇಷ್ಟು ದಿನ ನನ್ನೆದುರು ಅವರು ಮನೆಯ ಮಾತು ಆಡಿದ್ದೇ ಇಲ್ಲ.

ಅಷ್ಟರಲ್ಲಿ ಫೋನಿಗೆ ಸೆಲ್ವಿಯ ಮೆಸೇಜು ಬಂತು: "ಅಕ್ಕಾ, ನನ್ನ ಹೊಲಿಗೆ ಪರವಾಗಿಲ್ವಾ? ನಿಜ ಹೇಳಿ."

ಅವಳ ದಾರ ಇನ್ನೂ ನನ್ನ ಬೆರಳಿಗೆ ಸುತ್ತಿಕೊಂಡಿತ್ತು. "ಚಂದ ಐತೆ, ಬರೋ ಗುರುವಾರ ಬರ್ರಿ" ಎಂದು ಬರೆದು ಕಳಿಸಿದೆ.