ನಾಲ್ಕನೆಯ ಕಂಬದ ನೀರು

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಆ ದಿನ ಜೋರು ಮಳೆಯಿತ್ತೆಂದೇ ನನ್ನ ನೆನಪು; ನನ್ನದೇ ಕೈಬರಹದ ಫೀಲ್ಡ್ ಬುಕ್ಕಿನಲ್ಲಿ ‘ಮೋಡ, ಮಳೆ ಇಲ್ಲ’ ಎಂದಿದೆ. ಆದ್ದರಿಂದ ಪುಸ್ತಕದಲ್ಲಿರುವುದನ್ನು ಖಚಿತವಾಗಿಯೂ ಉಳಿದದ್ದನ್ನು ಅನುಮಾನದಿಂದಲೂ ಹೇಳುತ್ತೇನೆ.

2019ರ ಆಗಸ್ಟ್. ಹುನಗುಂದ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಒಂದು ನೀರಳತೆ ಕೇಂದ್ರದ ಹೊಣೆ ನನ್ನದಾಗಿತ್ತು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಈ ಕೆಲಸಕ್ಕೆ ಸೇರಿ ಆಗಲೇ ಹನ್ನೆರಡು ವರ್ಷ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರರ ಮೇಲೂ ದೋಣಿಯಲ್ಲಿ ಕುಳಿತು ಆಳ, ಸೆಳವು ಅಳೆದಿದ್ದೆ. ಬೇರೆಯವರು ಅಂಜುವ ನಡುಹೊಳೆ ನನಗೆ ನೆಮ್ಮದಿ ಕೊಡುತ್ತಿತ್ತು. ಅಲ್ಲಿ ಬೆನ್ನ ಹಿಂದೆ ಯಾರೂ ಸದ್ದಿಲ್ಲದೆ ಬಂದು ನಿಲ್ಲಲಾರರು. ಇಳಕಲ್ಲಿನ ನೇಕಾರ ಮನೆಯಲ್ಲಿ ಬೆಳೆದವಳು ನಾನು. ಎಳೆ ಹರಿದರೂ, ನೂಲಿಗೆ ಹಾಕುವ ಗಂಜಿ ಚೆಲ್ಲಿದರೂ ಅಪ್ಪನ ಕೈ ಹಿಂದಿನಿಂದಲೇ ಬರುತ್ತಿತ್ತು. ತಪ್ಪು ಮುಚ್ಚಿಡುವುದನ್ನು ಅಕ್ಷರಕ್ಕಿಂತ ಮೊದಲೇ ಕಲಿತಿದ್ದೆ.

ದಂಡೆಯಲ್ಲಿ ಮೆಟ್ಟಿಲಿನಂತೆ ಒಂದರ ಮೇಲೊಂದು ಅಳತೆಯ ಕಂಬಗಳಿರುತ್ತವೆ. ಪ್ರತಿಯೊಂದೂ ಒಂದು ಮೀಟರ್ ಎತ್ತರ, ಮೈಮೇಲೆ ಸೆಂಟಿಮೀಟರಿನ ಗೆರೆ. ಕೆಳಗಿನದು ಮುಳುಗಿದರೆ ಮೇಲಿನದನ್ನು ಓದಬೇಕು. ಪ್ರವಾಹದಲ್ಲಿ ಗಂಟೆಗೊಮ್ಮೆ ಓದಿ, ಶಾಯಿಯಲ್ಲಿ ಬರೆದು, ಬಾಗಲಕೋಟೆಯ ಎಂಜಿನಿಯರರಿಗೆ ಫೋನ್ ಮಾಡಬೇಕು. ಆ ಬೆಳಿಗ್ಗೆ ಏಳಕ್ಕೆ ನೀರು ಮೂರನೆಯ ಕಂಬದ ಇಪ್ಪತ್ತು ಸೆಂಟಿಮೀಟರಿನಲ್ಲಿತ್ತು. ಎಂಟಕ್ಕೆ ಅದೇ ಕಂಬದ ಮೂವತ್ತೈದು ಎಂದು ಬರೆದು ತಿಳಿಸಿದೆ.

ದೋಣಿ ನಡೆಸುವ ಯಮನಪ್ಪ ನನಗಿಂತ ಹಿರಿಯರು. ಎಲೆ ಅಡಿಕೆ ಜಗಿಯುತ್ತ ಕೇಳಿದರು, ‘ಅಕ್ಕಾರ, ಕಂಬ ಎಣಿಸಿದ್ರೇನು?’

‘ಮೂರನೇದಲ್ಲೇನ್ರಿ, ಯಮನಪ್ಪಣ್ಣ?’

‘ಮೂರನೇದು ಜಳಕಕ್ಕ ಹೋಗೈತಿ. ಇದು ನಾಕನೇದು.’

ಒಂದೇ ತಾಸಿನಲ್ಲಿ ಮೂರನೆಯ ಕಂಬ ಪೂರಾ ಮುಳುಗಿತ್ತು; ತೇಲಿಬಂದ ಕಬ್ಬಿನ ಒಣ ಸೋಗೆ, ರವದಿ, ಸಿಕ್ಕಿಕೊಂಡು ನಾಲ್ಕನೆಯದರ ಅಂಕಿ ಮುಚ್ಚಿಹೋಗಿತ್ತು. ನಾನು ನೀರನ್ನು ಪೂರಾ ಒಂದು ಮೀಟರ್ ಕಡಿಮೆ ತಿಳಿಸಿದ್ದೆ. ಕೆಳಗಿನ ಊರಿನ ಹೊಳೆದಂಡೆಯ ಓಣಿ ಮುಳುಗಲು ಅಷ್ಟೇ ಸಾಕಾಗಿತ್ತು. ನನ್ನ ಅಂಕಿ ನಂಬಿ ಅಲ್ಲಿನವರು ಮನೆಯಲ್ಲೇ ಕುಳಿತಿದ್ದರು.

ಒಂಬತ್ತಕ್ಕೆ ನೀರು ಏಕಾಏಕಿ ಏರಿತೆಂದು ಬರೆದರೆ ಯಾರಿಗೂ ತಿಳಿಯದು ಎಂಬ ಯೋಚನೆ ಬಂದದ್ದು ನಿಜ. ಬಹಳ ಹೊತ್ತು ಹಾಗೇ ನಿಂತಿದ್ದೆನೆಂದು ನೆನಪು; ಪುಸ್ತಕದಲ್ಲಿ ಎಂಟರ ಅಂಕಿಗೂ ಅದರ ತಿದ್ದುಪಡಿಗೂ ನಡುವೆ ಎಲ್ಲ ಸೇರಿ ನಾಲ್ಕೇ ನಿಮಿಷ.

‘ಕಣ್ಣ ತಪ್ಪತೈತ್ರಿ ಯಾರದರ,’ ಎಂದರು ಯಮನಪ್ಪ. ‘ನಾ ಹೋದ ವರ್ಷ ದೋಣಿ ಕಟ್ಟೋದ ಮರತು ಮನಿಗಿ ಹೋಗಿದ್ನಿ. ಹೆಂಡತಿ ಇನ್ನೂ ಆಡಕೊಂಡು ನಗತಾಳ. ಫೋನ್ ಹಚ್ರಿ.’

ನಮ್ಮ ಪುಸ್ತಕದಲ್ಲಿ ಅಳಿಸುವಂತಿಲ್ಲ. ತಪ್ಪಿದ ಅಂಕಿಯ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ವೇಳೆ ಹಾಕಿ, ಸಹಿ ಮಾಡಬೇಕು. ತಪ್ಪೂ ಓದಲು ಬರಬೇಕು. ಹಾಗೆ ಮಾಡಿ ಫೋನ್ ಹಚ್ಚಿದೆ.

‘ಒಂದು ಮೀಟರ್ ಅಂದ್ರ ಏನಂತ ತಿಳದೀರಿ?’ ಎಂಜಿನಿಯರರ ದನಿ ಏರಿತು. ನನ್ನ ಭುಜ ತಾನಾಗಿ ಕುಗ್ಗಿತು.

‘ನನ್ನ ತಪ್ಪ ಸರ್. ಕಂಬ ಎಣಿಸಿದ್ದಿಲ್ಲ. ಈಗ ಎಣಿಸೀನಿ.’

ಅವರ ದನಿ ಇಳಿಯಿತು. ‘ಟೈಮ್ ಹಾಕೀರಲ್ಲ? ಫೋನ್ ಇಡ್ರಿ. ಓಣಿ ಖಾಲಿ ಮಾಡಸ್ತೇವಿ.’

ಮಧ್ಯಾಹ್ನದೊಳಗೆ ಜನ, ದನ ಎಲ್ಲ ಎತ್ತರದ ಶಾಲೆಯ ಕಡೆಗೆ ಹೋದರು. ಸಂಜೆ ಓಣಿಯಲ್ಲಿ ನೀರು ನಿಂತಿತು. ಒಳಗೆ ಯಾರೂ ಇರಲಿಲ್ಲ. ನನಗೆ ನೋಟಿಸ್ ಬಂತು, ಉತ್ತರ ಕೊಟ್ಟೆ, ಮತ್ತೆ ಅದೇ ದಂಡೆಗೆ ಹೋದೆ. ತಪ್ಪು ಒಪ್ಪಿಕೊಂಡ ಮರುದಿನವೂ ಕೆಲಸಕ್ಕೆ ಬರಬಹುದು ಎಂಬುದು ಮೂವತ್ತಾರನೆಯ ವಯಸ್ಸಿನಲ್ಲಿ ತಿಳಿಯಿತು. ಈ ವೃತ್ತಿ ನನಗೆ ಕಲಿಸಿದ್ದರಲ್ಲಿ ಅದು ದೊಡ್ಡದು. ಈಗ ಆಫೀಸಿನಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂರುತ್ತೇನೆ.

ಈ ವರ್ಷ ಯುಗಾದಿಗೆ ಇಳಕಲ್ಲಿಗೆ ಹೋಗಿದ್ದೆ. ಅಪ್ಪ ಈಗಿಲ್ಲ. ಅವ್ವ ಮಗ್ಗದ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತ ಕುಳಿತಿದ್ದಳು. ನಾನು ಹೊಡೆತ ತಿಂದ ಮರುದಿನ ಅವಳು ‘ಏನೂ ಆಗಿಲ್ಲ, ಸಾಲಿಗಿ ನಡಿ’ ಎನ್ನುತ್ತಿದ್ದಳು, ನಾನೂ ನಂಬುತ್ತಿದ್ದೆ. ನನ್ನ ನೆನಪನ್ನು ನಾನೇ ನಂಬದಿರುವುದು ಅಲ್ಲಿಂದ ಬಂದಿರಬಹುದು. ಅವಳ ಆ ಮಾತಿನ ಬಗ್ಗೆಯೇ ಕೇಳಿದೆ. ಅವಳು ಕಂಡಿಕೆ ಕೆಳಗಿಟ್ಟು ಒಲೆಯ ಕಡೆಗೆ ಎದ್ದುಹೋದಳು. ಆದರೆ ಅಂದಿನಿಂದ ಪ್ರತಿ ಭಾನುವಾರ ಫೋನಿನಲ್ಲಿ, ‘ನೀ ಕೇಳಿದ್ದು ಮರತಿಲ್ಲ ನಾ, ತಡಿ,’ ಎನ್ನುತ್ತಾಳೆ. ನಾನು ಕಾಯುತ್ತಿದ್ದೇನೆ. ಕೇಳಿದ್ದು ಇಷ್ಟು:

‘ಅವ್ವಾ, ಏನೂ ಆಗಿಲ್ಲ ಅಂತಿದ್ಯಲ್ಲ, ಅದನ್ನ ನನಗ ಹೇಳ್ತಿದ್ಯೋ, ನಿನಗ ನೀನ ಹೇಳ್ಕೋತಿದ್ಯೋ?’